ಸುಳ್ಳು ಕುಸ್ತಿ, ನಿಜವಾದ ಸಾವು!

ಡಲ್ಲಾಸ್‌ನ ವಾನ್ ಎರಿಕ್ ಸಹೋದರರು ಎದ್ದದ್ದು, ಬಿದ್ದದ್ದು

1982ರ ಡಿಸೆಂಬರ್ 25. ಕ್ರಿಸ್‌ಮಸ್ ಹಬ್ಬದ ರಾತ್ರಿ. ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್ ನಗರದಲ್ಲಿ ರಿಯೂನಿಯನ್ ಅರೀನಾ ಅನ್ನೋ ಭಾರೀ ಸ್ಟೇಡಿಯಂ. ಒಳಗೆ ಕಾಲಿಡಲು ಜಾಗವಿಲ್ಲ. ನಡುವೆ ಕುಸ್ತಿಯ ರಿಂಗ್, ರಿಂಗಿನ ಸುತ್ತ ಕಬ್ಬಿಣದ ಪಂಜರ. ಪಂಜರದೊಳಗೆ ಇಬ್ಬರು. ಒಬ್ಬ ವಿಶ್ವ ಚಾಂಪಿಯನ್ ರಿಕ್ ಫ್ಲೇರ್, ಬಿಳಿಗೂದಲಿನ ಜಂಭಗಾರ. ಇನ್ನೊಬ್ಬ 22 ವರ್ಷದ ಊರ ಹುಡುಗ ಕೆರಿ ವಾನ್ ಎರಿಕ್. ಅವನ ಮೈಕಟ್ಟು ನೋಡಿದರೆ ಶಿಲ್ಪಿ ಕೂತು ಕಡೆದಂತೆ!

ರೆಫರಿಯಾಗಿ ನಿಂತವನು ಮೈಕೆಲ್ ಹೇಯ್ಸ್. ವಾನ್ ಎರಿಕ್ ಮನೆಯವರ ಗೆಳೆಯ. ಪಂಜರದ ಬಾಗಿಲು ಕಾಯುತ್ತಿದ್ದವನು ಅವನ ಜೊತೆಗಾರ ಟೆರ್ರಿ ಗಾರ್ಡಿ. ಕುಸ್ತಿ ನಡೆಯುತ್ತಿರುವಾಗಲೇ ಹೇಯ್ಸ್ ಸಿಟ್ಟಿಗೆದ್ದು ಫ್ಲೇರ್‌ಗೆ ಒಂದು ಬಿಟ್ಟ! ಚಾಂಪಿಯನ್ ನೆಲಕ್ಕುರುಳಿದ. "ಹೋಗು, ಮೇಲೆ ಬೀಳು, ಪಟ್ಟ ನಿನ್ನದೇ" ಎನ್ನುವಂತೆ ಹೇಯ್ಸ್ ಕೆರಿಗೆ ಸನ್ನೆ ಮಾಡಿದ.

ಕೆರಿ ಒಪ್ಪಲಿಲ್ಲ. ಮೋಸದ ಗೆಲುವು ಅವನಿಗೆ ಬೇಡ!

ಸ್ನೇಹ ಅಲ್ಲಿಗೇ ಮುರಿಯಿತು. ಸ್ವಲ್ಪ ಹೊತ್ತಿನಲ್ಲಿ ಗಾರ್ಡಿ ಆ ಕಬ್ಬಿಣದ ಬಾಗಿಲನ್ನು ಕೆರಿಯ ತಲೆಗೆ ಬರುವ ಹಾಗೆ ರಪ್ಪನೆ ಬಡಿದ. ಇಡೀ ಸ್ಟೇಡಿಯಂ ಬೆಂಕಿಯಾಯಿತು. ಮರುದಿನದಿಂದ ಟೆಕ್ಸಾಸ್‌ನಲ್ಲಿ ಎಲ್ಲಿ ನೋಡಿದರೂ ಒಂದೇ ಮಾತು. ಈ ದ್ರೋಹಿಗಳಿಗೆ ವಾನ್ ಎರಿಕ್ ಹುಡುಗರು ಯಾವಾಗ ಬುದ್ಧಿ ಕಲಿಸುತ್ತಾರೆ?

ಈಗ ಒಂದು ಗುಟ್ಟು. ಆ ಹೊಡೆತ, ಆ ದ್ರೋಹ, ಆ ಬಾಗಿಲು, ಎಲ್ಲವೂ ಮೊದಲೇ ಕೂತು ಮಾತಾಡಿಕೊಂಡದ್ದು! ನಮ್ಮ ಸಿನಿಮಾದ ಫೈಟಿಂಗ್ ಇದ್ದ ಹಾಗೆ.

ಹಾಗಾದರೆ ಇದನ್ನು ಯಾಕೆ ಬರೆಯಬೇಕು ಅಂತೀರಾ? ರಿಂಗಿನಲ್ಲಿ ನಡೆದದ್ದು ನಾಟಕ. ರಿಂಗಿನ ಹೊರಗೆ ಈ ಮನೆಯಲ್ಲಿ ನಡೆದದ್ದು ನಾಟಕವಲ್ಲ. ಆರು ಗಂಡುಮಕ್ಕಳಲ್ಲಿ ಇಂದು ಉಳಿದಿರುವವನು ಒಬ್ಬನೇ.

ಕುಸ್ತಿಯೂ ಒಂದು ಕಂಪನಿ

ನಮ್ಮ ಗರಡಿಮನೆ ಕುಸ್ತಿಯಲ್ಲಿ ಗೆದ್ದವನು ಗೆದ್ದ, ಬಿದ್ದವನು ಬಿದ್ದ. ಅಮೆರಿಕದ ಈ ವೃತ್ತಿ ಕುಸ್ತಿಯಲ್ಲಿ ಯಾರು ಗೆಲ್ಲಬೇಕು ಅನ್ನೋದು ಮೊದಲೇ ತೀರ್ಮಾನ. ಹೀರೋ ಉಂಟು, ವಿಲನ್ ಉಂಟು, ವಾರವಾರವೂ ಮುಂದುವರಿಯುವ ಕಥೆ ಉಂಟು. ಹಾಗಂತ ಪೆಟ್ಟೆಲ್ಲಾ ಸುಳ್ಳು ಅಂದುಕೊಳ್ಳಬೇಡಿ. ಬಿದ್ದರೆ ಬೆನ್ನು ನೋಯುತ್ತೆ, ಬ್ಲೇಡು ತಾಗಿದರೆ ಹಣೆಯಿಂದ ರಕ್ತ ಬರುತ್ತೆ. ದಾರಾಸಿಂಗ್ ಮತ್ತು ಕಿಂಗ್‌ಕಾಂಗ್‌ರ ಕಾದಾಟದ ಸುದ್ದಿ ಕೇಳಿ ಬೆಳೆದ ನಮ್ಮ ಹಿರಿಯರಿಗೆ ಇದು ಹೊಸದಲ್ಲ.

ಅಂದಿನ ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದೇ ಕುಸ್ತಿ ಕಂಪನಿ ಇರಲಿಲ್ಲ. ಸಿನಿಮಾ ಹಂಚಿಕೆದಾರರು ಜಿಲ್ಲೆ ಜಿಲ್ಲೆ ಹಂಚಿಕೊಳ್ಳುವ ಹಾಗೆ, ಒಬ್ಬೊಬ್ಬ ಮಾಲೀಕನಿಗೆ ಒಂದೊಂದು ಸೀಮೆ. ಒಬ್ಬನ ಸೀಮೆಗೆ ಇನ್ನೊಬ್ಬ ಕಾಲಿಡುವಂತಿಲ್ಲ. 1948ರಲ್ಲಿ ಹುಟ್ಟಿದ ಎನ್.ಡಬ್ಲ್ಯು.ಎ. ಎಂಬ ಒಕ್ಕೂಟ ಇದನ್ನೆಲ್ಲ ನೋಡಿಕೊಳ್ಳುತ್ತಿತ್ತು. ಎಲ್ಲರಿಗೂ ಸೇರಿ ಒಬ್ಬ ವಿಶ್ವ ಚಾಂಪಿಯನ್. ಆತ ಊರೂರು ತಿರುಗಿ ಅಲ್ಲಲ್ಲಿಯ ಹೀರೋಗಳ ಜೊತೆ ಆಡಬೇಕು.

ಡಲ್ಲಾಸ್ ಸೀಮೆಯ ಮಾಲೀಕನೇ ಫ್ರಿಟ್ಜ್ ವಾನ್ ಎರಿಕ್.

ಹೆಸರು ಕೇಳಿ ಜರ್ಮನ್ ಅಂದುಕೊಂಡಿರಾ? ಮೋಸ ಹೋದಿರಿ! ಹುಟ್ಟು ಹೆಸರು ಜ್ಯಾಕ್ ಅಡ್ಕಿಸನ್. 1929ರಲ್ಲಿ ಟೆಕ್ಸಾಸ್‌ನ ಜ್ಯೂವೆಟ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದವನು. ಡಲ್ಲಾಸ್‌ನ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದವನು. ಕೆನಡಾದ ಹೆಸರಾಂತ ಉಸ್ತಾದ್ ಸ್ಟೂ ಹಾರ್ಟ್ ಬಳಿ ಕುಸ್ತಿ ಕಲಿತ. ಎರಡನೇ ಮಹಾಯುದ್ಧ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಜರ್ಮನ್ ಅಂದರೆ ಅಮೆರಿಕದ ಜನ ಹಲ್ಲು ಕಡಿಯುತ್ತಿದ್ದ ಕಾಲ. ಇವನು ಬೇಕೆಂದೇ ಜರ್ಮನ್ ವಿಲನ್ ವೇಷ ಹಾಕಿದ. ಜನ ಬೈದರು, ಉಗಿದರು, ಆದರೆ ಟಿಕೆಟ್ ಕೊಂಡರು! 'ತಮ್ಮ' ವಾಲ್ಡೊ ಎಂದು ಜೊತೆಗೆ ಒಬ್ಬನನ್ನು ಕರೆತಂದ. ಆ ತಮ್ಮನೂ ಜರ್ಮನ್ ಅಲ್ಲ, ಕೆನಡಾದವನು! ಎದುರಾಳಿಯ ಹಣೆಯನ್ನು ಅಗಲವಾದ ಅಂಗೈಯಲ್ಲಿ ಹಿಡಿದು ಹಿಸುಕುವುದು ಫ್ರಿಟ್ಜ್‌ನ ಪಟ್ಟು. ಅದಕ್ಕೆ ಜನ ಇಟ್ಟ ಹೆಸರು 'ಕಬ್ಬಿಣದ ಪಂಜ'.

ಹೀಗೆ ಊರೂರು ಅಲೆಯುತ್ತಿದ್ದ ಕಾಲದಲ್ಲೇ ಮೊದಲ ಪೆಟ್ಟು ಬಿತ್ತು. 1959ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಬೀಡುಬಿಟ್ಟಿದ್ದಾಗ ಹಿರಿಯ ಮಗ, ಆರು ವರ್ಷದ ಪುಟ್ಟ ಜ್ಯಾಕ್, ಕರೆಂಟ್ ಹೊಡೆದು ಸತ್ತ. ಅಪ್ಪ ಕುಸ್ತಿ ಬಿಡಲಿಲ್ಲ. ಮತ್ತೆ ರಿಂಗ್ ಹತ್ತಿದ.

ಬೆಂದು ಎದ್ದ ತಗಡಿನ ಕೊಟ್ಟಿಗೆ

ಫ್ರಿಟ್ಜ್ 1960ರ ದಶಕದಲ್ಲಿ ಸ್ವಂತ ಸೀಮೆಗೆ ಮರಳಿದ. ಅಲ್ಲಿ ಕುಸ್ತಿ ನಡೆಸುತ್ತಿದ್ದ ಎಡ್ ಮ್ಯಾಕ್ಲಮೋರ್ 1969ರಲ್ಲಿ ತೀರಿಕೊಂಡ ಮೇಲೆ ಕಂಪನಿ ಪೂರ್ತಿ ಇವನ ಕೈಗೆ ಬಂತು. ಹೆಸರು 'ಬಿಗ್ ಟೈಮ್ ರೆಸ್ಲಿಂಗ್'. ವಿಲನ್ ಫ್ರಿಟ್ಜ್ ಈಗ ಊರ ಹೀರೋ! 1975ರಲ್ಲಿ ಎನ್.ಡಬ್ಲ್ಯು.ಎ. ಒಕ್ಕೂಟಕ್ಕೇ ಅಧ್ಯಕ್ಷನಾದ.

ಅವರ ಅಖಾಡದ ಹೆಸರು ಸ್ಪೋರ್ಟಟೋರಿಯಂ. ಹೆಸರು ದೊಡ್ಡದು, ಕಟ್ಟಡ ನೋಡಿದರೆ ತಗಡಿನ ಗೋದಾಮು. 1953ರಲ್ಲಿ ಬೆಂಕಿಗೆ ಆಹುತಿಯಾಗಿ ಅದೇ ವರ್ಷ ಮತ್ತೆ ಎದ್ದಿತ್ತು. ಸುಮಾರು 4,500 ಜನ ಕೂರಬಹುದು. ಬೇಸಿಗೆಯಲ್ಲಿ ಬೆವರಿನ ಹೊಳೆ. ಇದೇ ವೇದಿಕೆಯ ಮೇಲೆ 1955ರಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡಿದ್ದ ಅಂದರೆ ನಂಬುತ್ತೀರಾ?

ಪ್ರತಿ ಶುಕ್ರವಾರ ರಾತ್ರಿ ಅಲ್ಲಿ ಕುಸ್ತಿ. ಹೇಗೆ ನಮ್ಮಲ್ಲಿ ಶುಕ್ರವಾರ ಅಂದರೆ ಹೊಸ ಸಿನಿಮಾವೋ, ಡಲ್ಲಾಸ್‌ನವರಿಗೆ ಶುಕ್ರವಾರ ಅಂದರೆ ಸ್ಪೋರ್ಟಟೋರಿಯಂ.

ಹುಡುಗಿಯರು ಕಿರುಚಿದರು!

1970ರ ದಶಕದ ಕೊನೆಗೆ ಫ್ರಿಟ್ಜ್‌ನ ಮಕ್ಕಳು ಒಬ್ಬೊಬ್ಬರಾಗಿ ರಿಂಗಿಗೆ ಬಂದರು. ಕೆವಿನ್ ಬರಿಗಾಲಿನಲ್ಲೇ ಕುಸ್ತಿ ಆಡುವವನು, ಹಗ್ಗದ ಮೇಲಿಂದ ಹಾರುವುದರಲ್ಲಿ ಎತ್ತಿದ ಕೈ. ಡೇವಿಡ್ ತೆಂಗಿನ ಮರದಷ್ಟು ಎತ್ತರ, ಮಾತಿನಲ್ಲೂ ಚುರುಕು. ಮುಂದಿನ ವಿಶ್ವ ಚಾಂಪಿಯನ್ ಇವನೇ ಎಂದು ಬಲ್ಲವರು ಹೇಳುತ್ತಿದ್ದರು. ಡಿಸ್ಕಸ್ ಎಸೆತದಲ್ಲಿ ಹೆಸರು ಮಾಡಿ ಬಂದ ಕೆರಿ, ರೂಪದಲ್ಲಿ ಸಿನಿಮಾ ಹೀರೋ.

1982ರ ಹೊತ್ತಿಗೆ ಕಂಪನಿಗೆ ಹೊಸ ಹೆಸರು ಬಂತು. 'ವರ್ಲ್ಡ್ ಕ್ಲಾಸ್ ಚಾಂಪಿಯನ್‌ಶಿಪ್ ರೆಸ್ಲಿಂಗ್'. ಅದೇ ಹೊತ್ತಿಗೆ ಡಲ್ಲಾಸ್‌ನ 39ನೇ ಚಾನೆಲ್‌ನಲ್ಲಿ ಹೊಸ ನಮೂನೆಯ ಟಿ.ವಿ. ಕಾರ್ಯಕ್ರಮ. ನಿರ್ಮಾಪಕ ಮಿಕ್ಕಿ ಗ್ರಾಂಟ್ ಎಂಬ ತರುಣ.

ಸಿನಿಮಾ ಬಲ್ಲ ನಮ್ಮ ಓದುಗರಿಗೆ ಇಲ್ಲಿನ ಗುಟ್ಟು ತಟ್ಟನೆ ಹೊಳೆಯುತ್ತೆ. ಅದುವರೆಗೆ ಟಿ.ವಿ. ಕುಸ್ತಿ ಅಂದರೆ ದೂರದಲ್ಲಿ ನಿಲ್ಲಿಸಿದ ಒಂದೆರಡು ಕ್ಯಾಮೆರಾ, ಅಷ್ಟೆ. ಗ್ರಾಂಟ್ ಕ್ಯಾಮೆರಾವನ್ನು ಹೆಗಲ ಮೇಲೆ ಹೊರಿಸಿ ರಿಂಗಿನ ಅಂಚಿಗೇ ತಂದ. ಪೈಲ್ವಾನನ ಮುಖದ ಬೆವರು ಕ್ಲೋಸಪ್‌ನಲ್ಲಿ! ಬಿದ್ದ ಸದ್ದು ಕಿವಿಗೆ ಬಡಿಯುವ ಹಾಗೆ ಮೈಕು. ಮುಖ್ಯವಾದ ಏಟು ಸ್ಲೋಮೋಷನ್‌ನಲ್ಲಿ ಇನ್ನೊಂದು ಸಲ. ಪೈಲ್ವಾನ್ ಒಳಗೆ ಬರುವಾಗ ರಾಕ್ ಸಂಗೀತ. ಇಂದು ಎಲ್ಲ ಕಡೆ ಕಾಣುವ ಈ ಪದ್ಧತಿಯನ್ನು ಮೊದಮೊದಲು ರೂಢಿಗೆ ತಂದವರಲ್ಲಿ ಇವರೂ ಸೇರುತ್ತಾರೆ. ವಾನ್ ಎರಿಕ್ ಹುಡುಗರನ್ನು ಅವರ ಮನೆಯಲ್ಲಿ, ಹೊಲಗದ್ದೆಯಲ್ಲಿ ತೋರಿಸುವ ಸಣ್ಣ ಸಣ್ಣ ಚಿತ್ರಗಳನ್ನೂ ತೆಗೆದರು. ಒಳ್ಳೆ ಮನೆತನ, ದೇವರಿಗೆ ಹೆದರುವ ಮಕ್ಕಳು, ಅಪ್ಪನ ಮಾತು ಮೀರದವರು... ಜನ ಮನಸೋತರು.

ಕುಸ್ತಿಗೆ ಯಾವತ್ತೂ ಬಾರದಿದ್ದ ಶಾಲೆ ಕಾಲೇಜಿನ ಹುಡುಗಿಯರು ಗುಂಪು ಗುಂಪಾಗಿ ಬಂದರು. ಕೆರಿ ಒಳಗೆ ಬಂದರೆ ಮುಟ್ಟೋಕೆ ನೂಕುನುಗ್ಗಲು. ಕಾರ್ಯಕ್ರಮ ಅಮೆರಿಕದ ಬೇರೆ ಬೇರೆ ಊರುಗಳಿಗೆ ಹೋಯಿತು. ಜಪಾನಿಗೆ ಹೋಯಿತು. ಇಸ್ರೇಲಿನಲ್ಲಂತೂ ಈ ಸಹೋದರರು ಮನೆಮಾತಾದರು.

ಹೀರೋಗಳು ಸಿಕ್ಕರು, ಸರಿಯಾದ ವಿಲನ್ ಬೇಕಲ್ಲ? ಮೇಲೆ ಹೇಳಿದೆವಲ್ಲ, ಆ ಕ್ರಿಸ್‌ಮಸ್ ರಾತ್ರಿಯ ದ್ರೋಹಿಗಳು. ಹೇಯ್ಸ್, ಗಾರ್ಡಿ, ಜೊತೆಗೆ ಬಡ್ಡಿ ರಾಬರ್ಟ್ಸ್. ಈ ಮೂವರು 'ಫ್ಯಾಬ್ಯುಲಸ್ ಫ್ರೀಬರ್ಡ್ಸ್'. ಮೂವರು ಅಣ್ಣತಮ್ಮಂದಿರು ಒಂದು ಕಡೆ, ಮೂವರು ಪುಂಡರು ಇನ್ನೊಂದು ಕಡೆ. ವರ್ಷಗಟ್ಟಲೆ ಓಡಿತು ಈ ಜಗಳ! ಹೌಸ್‌ಫುಲ್ ಮೇಲೆ ಹೌಸ್‌ಫುಲ್.

ಟೋಕಿಯೊದಿಂದ ಬಂದ ಸುದ್ದಿ

1984ರ ಫೆಬ್ರವರಿ 10. ಜಪಾನಿನಲ್ಲಿ ಕುಸ್ತಿ ಪ್ರವಾಸಕ್ಕೆ ಹೋಗಿದ್ದ ಡೇವಿಡ್ ಟೋಕಿಯೊ ಹೋಟೆಲಿನ ಕೋಣೆಯಲ್ಲಿ ಸತ್ತುಬಿದ್ದಿದ್ದ. ವಯಸ್ಸು 25. ಕರುಳಿನ ಉರಿಯೂತ ಎಂದು ಅಧಿಕೃತ ಕಾರಣ ಕೊಟ್ಟರು. ಬೇರೆ ಮಾತುಗಳೂ ಹುಟ್ಟಿದವು. ಅದೇನೇ ಇರಲಿ, ಚಾಂಪಿಯನ್ ಆಗಬೇಕಿದ್ದವನು ಪೆಟ್ಟಿಗೆಯಲ್ಲಿ ಊರಿಗೆ ಬಂದ.

ಮೂರು ತಿಂಗಳೂ ಕಳೆದಿರಲಿಲ್ಲ. ಮೇ 6ರಂದು ಟೆಕ್ಸಾಸ್ ಸ್ಟೇಡಿಯಂನಲ್ಲಿ ಡೇವಿಡ್ ನೆನಪಿನ ಭಾರೀ ಕುಸ್ತಿ ಏರ್ಪಾಡಾಯಿತು. 32 ಸಾವಿರಕ್ಕೂ ಹೆಚ್ಚು ಜನ! ಅಣ್ಣನ ಹೆಸರು ಬರೆದ ನಿಲುವಂಗಿ ತೊಟ್ಟು ಕೆರಿ ರಿಂಗಿಗೆ ಬಂದ. ಎದುರಿಗೆ ಅದೇ ರಿಕ್ ಫ್ಲೇರ್. ಕೊನೆಗೆ ಕೆರಿ ಬೆನ್ನಿಗೆ ಬೆನ್ನು ಕೊಟ್ಟು ಫ್ಲೇರ್‌ನನ್ನು ಎಳೆದು ಕೆಡವಿದ. ಒಂದು, ಎರಡು, ಮೂರು! ವಿಶ್ವ ಪಟ್ಟ ವಾನ್ ಎರಿಕ್ ಮನೆಗೆ ಬಂತು. ಜನ ಅತ್ತರು, ಕುಣಿದರು.

ಆ ಪಟ್ಟ ಕೆರಿಯ ಬಳಿ ಇದ್ದದ್ದು ಎಷ್ಟು ದಿನ ಗೊತ್ತೆ? ಬರೀ 18 ದಿನ. ಮೇ 24ರಂದು ಜಪಾನಿನ ಯೊಕೊಸುಕದಲ್ಲಿ ಫ್ಲೇರ್‌ಗೇ ವಾಪಸ್. ಅದೂ ಮೊದಲೇ ಆದ ತೀರ್ಮಾನ!

ಆ ದಿನ ಜನ ಸುರಿಸಿದ ಕಣ್ಣೀರು ಮಾತ್ರ ನಿಜ, ಅಣ್ಣನ ಸಾವು ನಿಜ. ಅದನ್ನು ಟಿಕೆಟ್ ಮಾಡಿ ಮಾರಿದ್ದೂ ನಿಜ. ಈ ಕಂಪನಿಯ ಮೂಲ ಬಂಡವಾಳವೇ ಮನೆಯ ಮಕ್ಕಳು. ಬೇರೆ ಕಂಪನಿಯಲ್ಲಿ ಒಬ್ಬ ಪೈಲ್ವಾನ್ ಹೋದರೆ ಇನ್ನೊಬ್ಬನನ್ನು ಸಂಬಳಕ್ಕೆ ತರಬಹುದು. ಇಲ್ಲಿ ಡೇವಿಡ್ ಹೋದರೆ ಆ ಜಾಗಕ್ಕೆ ಇನ್ನೊಬ್ಬ ವಾನ್ ಎರಿಕ್‌ನೇ ಬೇಕು!

ಅಣ್ಣನ ಜಾಗಕ್ಕೆ ತಮ್ಮ

ಆ ಇನ್ನೊಬ್ಬನೇ ಮೈಕ್. ಸಣಕಲು ಹುಡುಗ. ಅಣ್ಣಂದಿರ ಮೈಕಟ್ಟಿಲ್ಲ, ಕುಸ್ತಿಗಿಂತ ಗಿಟಾರ್ ಮೇಲೆ ಜಾಸ್ತಿ ಪ್ರೀತಿ. ಆದರೂ ಡೇವಿಡ್ ಸತ್ತ ಮೇಲೆ ಅವನ ಹೆಗಲ ಮೇಲೆ ದೊಡ್ಡ ಭಾರ ಬಿತ್ತು. 1985ರಲ್ಲಿ ಇಸ್ರೇಲ್ ಪ್ರವಾಸದಲ್ಲಿ ಭುಜಕ್ಕೆ ಪೆಟ್ಟಾಯಿತು. ಊರಿಗೆ ಬಂದು ಆಪರೇಷನ್ ಆದ ಮೇಲೆ ಟಾಕ್ಸಿಕ್ ಶಾಕ್ ಎಂಬ ಭಯಂಕರ ಸೋಂಕು ತಗುಲಿತು. ವಿಪರೀತ ಜ್ವರ. ಬದುಕುವುದೇ ಇಲ್ಲ ಅಂದುಕೊಂಡರು. ಬದುಕಿದ. ಆದರೆ ಮೈ ಇಳಿದು ಹೋಯಿತು, ಮಾತು ತೊದಲತೊಡಗಿತು.

ಅಂಥವನು ಸುಮ್ಮನೆ ಮನೆಯಲ್ಲಿ ಇರಬೇಕಿತ್ತಲ್ಲವೆ? 1986ರಲ್ಲಿ ಮತ್ತೆ ರಿಂಗಿಗೆ ಬಂದ! ಮೊದಲಿನ ಶಕ್ತಿ ಬರಲೇ ಇಲ್ಲ. 1987ರ ಏಪ್ರಿಲ್‌ನಲ್ಲಿ ತನ್ನ ಜೀವವನ್ನು ತಾನೇ ಕಳೆದುಕೊಂಡ. ವಯಸ್ಸು 23.

ಈ ನಡುವೆ ಇನ್ನೊಂದು ನಾಟಕ. ಅಣ್ಣತಮ್ಮಂದಿರು ಸಾಲದೆ ಬಂದಾಗ ಅಪ್ಪ ಒಬ್ಬ ಹೊಸ ಹುಡುಗನನ್ನು ತಂದು 'ಇವನು ಲ್ಯಾನ್ಸ್ ವಾನ್ ಎರಿಕ್, ವಾಲ್ಡೊನ ಮಗ' ಎಂದು ಪರಿಚಯಿಸಿದ. ವಾಲ್ಡೊನೇ ಸುಳ್ಳು ತಮ್ಮ, ಅವನಿಗೆ ಒಬ್ಬ ಸುಳ್ಳು ಮಗ! ಮುಂದೆ ದುಡ್ಡಿನ ವಿಚಾರದಲ್ಲಿ ಮನಸ್ತಾಪವಾಗಿ ಲ್ಯಾನ್ಸ್ ಹೊರಟು ಹೋದಾಗ, 'ಅವನು ನಮ್ಮವನೇ ಅಲ್ಲ' ಎಂದು ಫ್ರಿಟ್ಜ್ ಟಿ.ವಿ.ಯಲ್ಲಿ ಬಾಯಿಬಿಟ್ಟ. ಇಷ್ಟು ದಿನ ನಂಬಿದ ಅಭಿಮಾನಿಗಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಕುಸ್ತಿ ಸುಳ್ಳಿರಬಹುದು, ಈ ಮನೆ ಸುಳ್ಳಲ್ಲ ಎಂದು ನಂಬಿದ್ದವರು ಅವರು.

ಸಾಲದ್ದಕ್ಕೆ 1987ರ ಕ್ರಿಸ್‌ಮಸ್ ದಿನ ರಿಂಗಿನ ಬಳಿ ಏಟು ತಿಂದು ಫ್ರಿಟ್ಜ್ ಕುಸಿದುಬಿದ್ದ. ಜೀವನ್ಮರಣದ ಹೋರಾಟ ಎಂದು ಸುದ್ದಿ ಹರಡಿದರು. ಅದೂ ನಾಟಕ! ಮೈಕ್ ಸತ್ತು ವರ್ಷ ತುಂಬಿರಲಿಲ್ಲ. ಮೂರು ಮಕ್ಕಳನ್ನು ನಿಜವಾಗಿ ಕಳೆದುಕೊಂಡ ಅಪ್ಪ, ಟಿಕೆಟ್ ಮಾರಲು ತನ್ನ ಸಾವಿನ ಭಯವನ್ನೇ ಹಬ್ಬಿಸಿದ. ಜನರ ಮನಸ್ಸು ಮುರಿಯಿತು. ಸ್ಪೋರ್ಟಟೋರಿಯಂನಲ್ಲಿ ಖಾಲಿ ಕುರ್ಚಿ ಕಾಣತೊಡಗಿದವು.

ಬೂಟಿನೊಳಗಿನ ಗುಟ್ಟು

ಕೆರಿಯ ಕಥೆ ಕೇಳಿ. 1986ರ ಜೂನ್‌ನಲ್ಲಿ ಮೋಟಾರ್‌ಬೈಕ್ ಅಪಘಾತ. ಬಲಗಾಲು ಜಜ್ಜಿಹೋಯಿತು. ಗಾಯ ಪೂರ್ತಿ ಮಾಯುವ ಮೊದಲೇ ರಿಂಗಿಗೆ ಬಂದ. ಕಾಲು ಕೆಟ್ಟಿತು, ಕೊನೆಗೆ ಪಾದವನ್ನೇ ಕತ್ತರಿಸಬೇಕಾಯಿತು. ಇದನ್ನು ಜನರಿಗೆ ಹೇಳಲಿಲ್ಲ! ಕೃತಕ ಪಾದದ ಮೇಲೆ ಬೂಟು ಬಿಗಿದು ಕೆರಿ ಕುಸ್ತಿ ಆಡಿದ. ಒಂದು ಸಲ ಎದುರಾಳಿ ಕಾಲು ಹಿಡಿದು ಎಳೆದಾಗ ಬೂಟೇ ಅವನ ಕೈಗೆ ಬಂತು. ನೋಡಿದವರು ಬೆಚ್ಚಿದರು. ಆದರೂ ಗುಟ್ಟು ಗುಟ್ಟಾಗಿಯೇ ಉಳಿಯಿತು. ಸಹ ಪೈಲ್ವಾನರಲ್ಲೇ ಅನೇಕರಿಗೆ ಗೊತ್ತಿರಲಿಲ್ಲ. ನೋವು ತಡೆಯಲು ಮಾತ್ರೆ, ಮಾತ್ರೆಯಿಂದ ಚಟ.

ಹೊರಗಿನ ಲೋಕವೂ ಬದಲಾಗಿತ್ತು. ನ್ಯೂಯಾರ್ಕ್ ಕಡೆಯ ವಿನ್ಸ್ ಮ್ಯಾಕ್‌ಮಹನ್ 1982ರಲ್ಲಿ ತಂದೆಯ ಕಂಪನಿ ಕೊಂಡು, ಸೀಮೆಯ ಗೆರೆಯನ್ನೆಲ್ಲ ಅಳಿಸಿ ದೇಶವನ್ನೇ ನುಂಗಹೊರಟಿದ್ದ. ಹಲ್ಕ್ ಹೋಗನ್ ಅವನ ತುರುಪಿನ ಎಲೆ. 1985ರ ಮಾರ್ಚ್ 31ರಂದು ಮೊದಲ ರೆಸಲ್‌ಮೇನಿಯಾ. ವರ್ಲ್ಡ್ ಕ್ಲಾಸ್ 1986ರಲ್ಲಿ ಎನ್.ಡಬ್ಲ್ಯು.ಎ. ಬಿಟ್ಟು ಒಂಟಿಯಾಗಿ ನಿಂತಿತು. ತಾನೇ ದೊಡ್ಡದಾಗುತ್ತೇನೆ ಎಂಬ ಆಸೆ. ಆಗಲಿಲ್ಲ. 1988ರ ಡಿಸೆಂಬರ್ 13ರಂದು ಷಿಕಾಗೊದಲ್ಲಿ ಕೆರಿ ಮೆಂಫಿಸ್‌ನ ಜೆರ್ರಿ ಲಾಲರ್‌ಗೆ ಸೋತ. ಮುಂದಿನ ವರ್ಷ ಮೆಂಫಿಸ್ ಕಂಪನಿಯ ಜೊತೆ ಸೇರಿ ಹೊಸ ಹೆಸರಾಯಿತು. 1990ರ ಕೊನೆಯ ಹೊತ್ತಿಗೆ ವರ್ಲ್ಡ್ ಕ್ಲಾಸ್ ಎಂಬ ಹೆಸರೇ ಅಳಿಸಿತು. ಆ ಕೊನೆಗಾಲದಲ್ಲಿ ಅದೇ ಸ್ಪೋರ್ಟಟೋರಿಯಂನಲ್ಲಿ ಪಟ್ಟು ಕಲಿತ ಒಬ್ಬ ಹುಡುಗ ಮುಂದೆ ಜಗತ್ತನ್ನೇ ಕುಣಿಸಿದ. ಅವನೇ 'ಸ್ಟೋನ್ ಕೋಲ್ಡ್' ಸ್ಟೀವ್ ಆಸ್ಟಿನ್!

ಒಬ್ಬರ ಹಿಂದೆ ಒಬ್ಬರು

ಕೆರಿ ಮ್ಯಾಕ್‌ಮಹನ್‌ನ ಕಂಪನಿ ಸೇರಿದ. 1990ರ ಆಗಸ್ಟ್‌ನಲ್ಲಿ 'ಮಿಸ್ಟರ್ ಪರ್ಫೆಕ್ಟ್'ನನ್ನು ಸೋಲಿಸಿ ಇಂಟರ್‌ಕಾಂಟಿನೆಂಟಲ್ ಬೆಲ್ಟ್ ಎತ್ತಿ ಹಿಡಿದ. ಲಕ್ಷಾಂತರ ಜನ ಚಪ್ಪಾಳೆ ತಟ್ಟಿದರು. ಅವನಿಗೆ ಒಂದು ಪಾದವಿಲ್ಲ ಎಂದು ಅವರಿಗೆ ಗೊತ್ತಿಲ್ಲ.

ಕಡೆಯವನು ಕ್ರಿಸ್. ಚಿಕ್ಕಂದಿನಿಂದ ಉಬ್ಬಸ, ಔಷಧಿಯಿಂದಾಗಿ ಮೂಳೆ ಟೊಳ್ಳು. ಅಣ್ಣಂದಿರ ಮುಂದೆ ಕುಳ್ಳ. ಆದರೂ ಪೈಲ್ವಾನ್ ಆಗಬೇಕೆಂಬ ಹುಚ್ಚು. ರಿಂಗಿಗೆ ಇಳಿದ, ಮೂಳೆ ಮುರಿದುಕೊಂಡ. ಮೈಕ್ ಹೋದ ನೋವು, ತನ್ನ ಕೈಲಾಗಲಿಲ್ಲವೆಂಬ ನೋವು. 1991ರ ಸೆಪ್ಟೆಂಬರ್ 12ರಂದು ಅವನೂ ಅದೇ ದಾರಿ ಹಿಡಿದ. 22 ತುಂಬಲು ಇನ್ನು ಕೆಲವೇ ದಿನ ಇತ್ತು. ಮರುವರ್ಷ ಅಪ್ಪ ಅಮ್ಮ ಬೇರೆಯಾದರು. 1993ರ ಫೆಬ್ರವರಿ 18ರಂದು, ಮಾದಕ ದ್ರವ್ಯದ ಕೇಸಿನಲ್ಲಿ ಜೈಲಿನ ಭಯ ತಲೆಯ ಮೇಲೆ ತೂಗುತ್ತಿದ್ದಾಗ, ಅಪ್ಪನ ಜಮೀನಿನಲ್ಲೇ ಕೆರಿಯೂ ಹೋಗಿಬಿಟ್ಟ. 33 ವರ್ಷ.

1997ರಲ್ಲಿ ಫ್ರಿಟ್ಜ್ ಕ್ಯಾನ್ಸರ್‌ನಿಂದ ಸತ್ತ. ಆರು ಗಂಡುಮಕ್ಕಳನ್ನು ಹೆತ್ತವನು, ಐದು ಮಕ್ಕಳ ಮಣ್ಣಿಗೆ ಹೋಗಿಬಂದವನು. 2003ರಲ್ಲಿ ಸ್ಪೋರ್ಟಟೋರಿಯಂ ಕೂಡ ನೆಲಸಮವಾಯಿತು.

ಆ ಮನೆಗೆ ಶಾಪವಿತ್ತು ಎಂದು ಜನ ಈಗಲೂ ಹೇಳುತ್ತಾರೆ. ಶಾಪ ಅಂದುಬಿಟ್ಟರೆ ಸುಲಭ ನೋಡಿ, ಯಾರೂ ಉತ್ತರ ಕೊಡಬೇಕಾಗಿಲ್ಲ! ಮೊದಲ ಮಗನ ಸಾವು ಆಕಸ್ಮಿಕ, ಒಪ್ಪೋಣ. ಆದರೆ ಜ್ವರದಿಂದ ಎದ್ದವನನ್ನು ರಿಂಗಿಗೆ ಕಳಿಸಿದ್ದು ಶಾಪವೆ? ಕತ್ತರಿಸಿದ ಪಾದವನ್ನು ಬೂಟಿನಲ್ಲಿ ಮುಚ್ಚಿಟ್ಟದ್ದು ಶಾಪವೆ? ಅಪ್ಪ ಮಕ್ಕಳನ್ನು ಪ್ರೀತಿಸಲಿಲ್ಲ ಅಂತಲ್ಲ, ಪ್ರೀತಿಸಿದ. ಆದರೆ ಅಪ್ಪನೇ ಮಾಲೀಕ, ಮಾಲೀಕನೇ ಅಪ್ಪ. 'ಸಾಕು ಮಗನೇ, ಮನೆಗೆ ಬಾ' ಎನ್ನಬೇಕಾದವನೇ 'ಶುಕ್ರವಾರ ಕುಸ್ತಿ ಇದೆ' ಎಂದರೆ ಆ ಹುಡುಗ ಯಾರ ಹತ್ತಿರ ಹೋಗಬೇಕು?

ಉಳಿದವನು ಕೆವಿನ್. ಹವಾಯಿ ದ್ವೀಪಕ್ಕೆ ಹೋಗಿ ಹೆಂಡತಿ ಮಕ್ಕಳ ಜೊತೆ ವರ್ಷಾನುಗಟ್ಟಲೆ ನೆಮ್ಮದಿಯಾಗಿದ್ದ. 2009ರಲ್ಲಿ ಇಡೀ ಮನೆತನವನ್ನು ಡಬ್ಲ್ಯು.ಡಬ್ಲ್ಯು.ಇ. ತನ್ನ ಗೌರವ ಪಟ್ಟಿಗೆ ಸೇರಿಸಿದಾಗ ವೇದಿಕೆ ಹತ್ತಲು ಅಣ್ಣತಮ್ಮಂದಿರಲ್ಲಿ ಇದ್ದವನು ಅವನೊಬ್ಬನೇ. ಅವನ ಮಕ್ಕಳಾದ ರಾಸ್ ಮತ್ತು ಮಾರ್ಷಲ್ ಕೂಡ ಕುಸ್ತಿಗೆ ಬಂದರು. ರಕ್ತ ಕೇಳಬೇಕಲ್ಲ!

2023ರ ಡಿಸೆಂಬರ್‌ನಲ್ಲಿ ಈ ಕಥೆ ಸಿನಿಮಾ ಆಗಿ ಬಂತು. ಹೆಸರು 'ದಿ ಐರನ್ ಕ್ಲಾ'. ನಿರ್ದೇಶಕ ಷಾನ್ ಡರ್ಕಿನ್. ಕೆವಿನ್ ಪಾತ್ರಕ್ಕೆ ಜ್ಯಾಕ್ ಎಫ್ರಾನ್ ಮೈ ಬೆಳೆಸಿದ್ದು ನೋಡಿದರೆ ಗುರುತೇ ಸಿಗುವುದಿಲ್ಲ. ಕೆರಿಯಾಗಿ ಜೆರೆಮಿ ಅಲೆನ್ ವೈಟ್. ಆದರೆ ಒಂದು ಮಾತು. ಸಿನಿಮಾದಲ್ಲಿ ಎಲ್ಲರೂ ಇದ್ದಾರೆ, ಕಡೆಯ ತಮ್ಮ ಕ್ರಿಸ್ ಮಾತ್ರ ಇಲ್ಲ. ಇನ್ನೂ ಒಂದು ಸಾವನ್ನು ಚಿತ್ರ ತಾಳಲಾರದು ಅನಿಸಿ ನಿರ್ದೇಶಕ ಅವನನ್ನು ಬಿಟ್ಟ. ನಿಜ ಬದುಕನ್ನು ಸಿನಿಮಾ ಹಿಗ್ಗಿಸಿ ತೋರಿಸುತ್ತೆ ಅಂತೀವಿ. ಇಲ್ಲಿ ಸಿನಿಮಾನೇ ಕಡಿಮೆ ಮಾಡಿ ತೋರಿಸಬೇಕಾಯಿತು!

ತೋಳು ಬೆಳೆಸಿ, ಕನ್ನಡಿ ಮುಂದೆ ನಿಂತು ಹೀರೋ ಆಗುವ ಕನಸು ಕಾಣುವ ಹುಡುಗರೇ, ಬೆಳೆಸಿ, ತಪ್ಪಿಲ್ಲ. ಆದರೆ ನೋವಾದಾಗ ಬಾಯಿಬಿಟ್ಟು ಹೇಳಿ. ಅಪ್ಪನಿಗೆ ಹೇಳಲಾಗದಿದ್ದರೆ ಅಮ್ಮನಿಗೆ, ಅಮ್ಮನಿಗಾಗದಿದ್ದರೆ ಗೆಳೆಯನಿಗೆ. ಕೆರಿಯ ತೋಳಿನಲ್ಲಿ ಬೆಟ್ಟ ಎತ್ತುವ ಬಲವಿತ್ತು. 'ನನ್ನ ಕಾಲು ನೋಯುತ್ತಿದೆ' ಎನ್ನುವ ಒಂದು ಮಾತು ಮಾತ್ರ ಅವನ ಬಾಯಿಂದ ಹೊರಗೆ ಬರಲು ಯಾರೂ ಬಿಡಲಿಲ್ಲ.